ಹಿಂದಿನ ಚಕ್ರದ ಸದ್ದು

ಸದ್ದು ಇನ್ನೂ ಬಂದಿರಲಿಲ್ಲ. ಬರುತ್ತದೆ ಎಂದು ಶಿವಯೋಗಿಗೆ ಗೊತ್ತಿತ್ತು. ಮಗಳು ಅಕ್ಷರಾ ಕಾರನ್ನು ಶೆಡ್ಡಿನಿಂದ ಹಿಮ್ಮುಖವಾಗಿ ಹೊರತಂದು, ವಿನೋಬನಗರದ ಆ ಇಕ್ಕಟ್ಟಾದ ಅಡ್ಡರಸ್ತೆಯಲ್ಲಿ ನೇರ ಮಾಡಿ, ಗೇರು ಬದಲಿಸಿ ಕ್ಲಚ್ಚು ಬಿಡುವ ಗಳಿಗೆಗಾಗಿ ಅವನು ಪಕ್ಕದ ಸೀಟಿನಲ್ಲಿ ಉಸಿರು ಹಿಡಿದು ಕಾದ. ಕಾರು ಮುಂದಕ್ಕೆ ಮಿಸುಕಿತು. ಟಕ್. ಹಿಂದೆ, ಎಡಗಡೆ, ಕೆಳಗೆ. ಒಂದೇ ಸಲ, ಯಾರೋ ಬೆರಳಗೆಣ್ಣಿನಿಂದ ಬಾಗಿಲು ಬಡಿದು, ಒಳಗಿನವರು ಎದ್ದು ಬರಲಿ ಎಂದು ಸುಮ್ಮನೆ ನಿಂತ ಹಾಗೆ. ಅವನು ಮಗಳ ಮುಖ ನೋಡಿದ. ಅವಳು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಳು. ಗೇಟಿನ ಬಳಿ ನಿಂತಿದ್ದ ಹೆಂಡತಿ ತನುಜಾಳನ್ನು ನೋಡಿದ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಗುತ್ತಿದ್ದಳು.

"ಎರಡೇ ಸೀಟಿನ ಕಾರು ಕಟ್ಟಿದ್ರಲ್ಲ, ಹೆಂಡ್ತಿ ಅಂತ ಒಬ್ಬಳು ಇದಾಳೆ ಅನ್ನೋದು ನೆನಪೇ ಇರ್ಲಿಲ್ಲ ನೋಡಿ" ಎಂದಳು. "ಭದ್ರಾವತಿ ತಲುಪಿದ್ಮೇಲೆ ನಿಮ್ಮ ಜಗದಕ್ಕಂಗೆ ಹೇಳಿ, ನಾನು ಬಸ್ಸಲ್ಲಿ ಇನ್ನೊಂದಿನ ಬರ್ತೀನಿ ಅಂತ. ಮತ್ತೆ ದಾರೀಲಿ ಅವಳಿಗೆ ಕಿರಿಕಿರಿ ಮಾಡ್ಬೇಡಿ. ಡಾಕ್ಟ್ರು ಹೇಳಿದ್ದು ನೆನಪಿದೆ ತಾನೆ?"

ನೆನಪಿತ್ತು. ಒಂದು ಸಲ ನೋಡಿ, ಎರಡನೇ ಸಲ ನೋಡಬೇಡಿ. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಮಾತು ಮೃದು. ಬಾಗಿಲಿಗೆ ಬೀಗ ಹಾಕಿದಿರಾ, ಹಾಕಿದಿರಿ, ಅಲ್ಲಿಗೆ ಮುಗಿಯಿತು. ಮೆಟ್ಟಿಲು ಇಳಿದ ಮೇಲೆ ಮನಸ್ಸು ವಾಪಸ್ ಎಳೆಯುತ್ತದೆ, ಎಳೆಯಲಿ, ನೀವು ಹೋಗಬೇಡಿ. ಹೋದಷ್ಟೂ ಅನುಮಾನಕ್ಕೆ ಊಟ ಹಾಕಿದಂತೆ. ಕೇಳುವಾಗ ಅದು ಸರಿಯಾಗಿಯೇ ಇತ್ತು. ಈಗಲೂ ಸರಿಯೇ. ಗ್ಯಾಸಿನ ನಾಬು, ಬೀರುವಿನ ಬೀಗ, ನಲ್ಲಿ ಎಲ್ಲವನ್ನೂ ಅವನು ಒಂದೇ ಸಲ ನೋಡಿ ಬಿಡುವುದನ್ನು ಕಲಿತಿದ್ದ. ತನುಜಾ ಅದನ್ನು ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು, ಮಗು ನಡೆಯಲು ಕಲಿತದ್ದನ್ನು ಹೇಳುವ ಹಾಗೆ. ಮಾಚೇನಹಳ್ಳಿಯ ಎರಕದ ಕಾರ್ಖಾನೆಯಲ್ಲಿ ಮಾತ್ರ ಹೇಳುವ ಅಗತ್ಯ ಇರಲಿಲ್ಲ. ಅಲ್ಲಿ ಅವನನ್ನು ತಪಾಸಣೆ ವಿಭಾಗದಿಂದ ತೆಗೆದು ಪ್ಯಾಕಿಂಗಿಗೆ ಹಾಕಿ ಆಗಿತ್ತು. ಮ್ಯಾನೇಜರ್ ಮಧುಸೂದನ ಎಲ್ಲರೆದುರಿಗೆ, ನಗುನಗುತ್ತಲೇ ಹೇಳಿದ್ದ: "ಶಿವಯೋಗಿ ಸಾರ್, ಲಾರಿ ಗೇಟಲ್ಲಿ ನಿಂತಿದೆ, ನೀವಿನ್ನೂ ಪಾಸ್ ಮಾಡಿದ್ದನ್ನೇ ಪಾಸ್ ಮಾಡ್ತಿದ್ದೀರಿ. ಇದು ತಪಾಸಣೆ ಅಲ್ಲ ಸಾರ್, ಜಪ." ನಕ್ಕವರಲ್ಲಿ ಅವನೂ ಒಬ್ಬ. ನಗದೆ ಇದ್ದರೆ ಕಾಯಿಲೆ ಎಂದುಕೊಂಡಾರು ಎಂದು ಜೋರಾಗಿಯೇ ನಕ್ಕಿದ್ದ.

ತುಂಗೆಯ ಸೇತುವೆ ದಾಟಿದರು. ಭಾನುವಾರದ ಬೆಳಗು, ರಸ್ತೆ ಖಾಲಿ. ಕಾರು ನೆಲಕ್ಕೆ ಅಂಟಿಕೊಂಡಂತೆ ತಗ್ಗಾಗಿತ್ತು. ಪಕ್ಕದಲ್ಲಿ ಹೋಗುವ ಆಟೋದ ಚಕ್ರ ಅವನ ಕಿವಿಯ ಮಟ್ಟಕ್ಕೆ ತಿರುಗುತ್ತಿತ್ತು. ಸ್ಕೂಟರಿನವರು ತಿರುಗಿ ತಿರುಗಿ ನೋಡಿದರು. ಒಬ್ಬ ಹೆಬ್ಬೆರಳು ಎತ್ತಿ ತೋರಿಸಿದ, ಅಕ್ಷರಾ ಹಾರ್ನ್ ಹೊಡೆದಳು. ಇದನ್ನು ಕಟ್ಟಿದವನು ತಾನೇ ಎಂದು ಶಿವಯೋಗಿಗೆ ನಂಬಿಕೆ ಬರಲಿಲ್ಲ. ಕೊಯಮತ್ತೂರಿನಿಂದ ಲಾರಿಯಲ್ಲಿ ಕಬ್ಬಿಣದ ಚೌಕಟ್ಟು, ಫೈಬರ್ ಮೈ ಬಂದಿದ್ದವು. ಎಂಜಿನ್, ಗೇರ್‌ಬಾಕ್ಸ್, ಹಬ್‌ಗಳು ಗುಜರಿಗೆ ಹೊರಟಿದ್ದ ಒಂದು ಹಳೆಯ ಸಣ್ಣ ಕಾರಿನವು. ಅದರಲ್ಲಿ ಮುಂದಿನ ಚಕ್ರಗಳನ್ನು ತಿರುಗಿಸುತ್ತಿದ್ದ ಎಂಜಿನ್ ಇದರಲ್ಲಿ ಸೀಟಿನ ಬೆನ್ನಿಗೆ ಕೂತು ಹಿಂದಿನ ಚಕ್ರಗಳನ್ನು ತಿರುಗಿಸುತ್ತಿತ್ತು. ಪ್ರತಿ ಹಿಂಚಕ್ರದ ನಡುಮಧ್ಯೆ ಒಂದು ದೊಡ್ಡ ನಟ್ಟು. ತಿರುಗುವ ಶಾಫ್ಟನ್ನೂ ಚಕ್ರ ಕೂರುವ ಹಬ್ ಅನ್ನೂ ಒಂದಾಗಿ ಹಿಡಿದಿರುವುದು ಅದೊಂದೇ. ಅದು ಸಡಿಲಾದರೆ ಏನಾಗುತ್ತದೆ ಎಂಬುದನ್ನು ಅವನು ಓದಿದ್ದ. ಓದಬಾರದಿತ್ತು. ಮೊದಲು ಶಾಫ್ಟಿನ ಹಲ್ಲುಗಳು ಸವೆಯುತ್ತವೆ, ಆಮೇಲೆ ಬೇರಿಂಗ್ ಹೋಗುತ್ತದೆ, ಆಮೇಲೆ ಚಕ್ರ. ಚಕ್ರ ಕಳಚಿ ಕಾರಿಗಿಂತ ಮುಂದೆ ಓಡುತ್ತದಂತೆ. ಕೂತವರಿಗೆ ಒಂದು ಗಳಿಗೆ ಅದು ತಮ್ಮದೇ ಚಕ್ರ ಎಂದು ತಿಳಿಯುವುದಿಲ್ಲವಂತೆ.

ಮಲವಗೊಪ್ಪದ ರಸ್ತೆಯುಬ್ಬಿನಲ್ಲಿ ಅಕ್ಷರಾ ನಿಧಾನಿಸಿ ಮತ್ತೆ ವೇಗ ಕೊಟ್ಟಳು. ಟಕ್.

"ಕೇಳಿಸ್ತಾ?"

"ಏನು?"

"ಏನಿಲ್ಲ."

ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಅಪ್ಪಾಜಿ, ಹೊರಡೋ ಮೊದಲೇ ಮಾತಾಗಿದೆ. ಕಾರಣ ಇದ್ರೆ ಹೇಳಿ, ನಿಲ್ಲಿಸ್ತೀನಿ. ಅನುಮಾನ ಇದ್ರೆ ನುಂಗ್ಕೊಳ್ಳಿ. ಲೈಸೆನ್ಸ್ ತಗೊಂಡು ಎಷ್ಟು ಕಾಲ ಆಯ್ತು, ನೀವು ನಂಗೆ ಸ್ಟೀರಿಂಗ್ ಕೊಟ್ಟಿರೋದು ಇವತ್ತೇ. ಇವತ್ತೂ ಹಾಳು ಮಾಡಿದ್ರೆ ನಾನು ಇನ್ಯಾವತ್ತೂ ನಿಮ್ ಜೊತೆ ಹತ್ತಲ್ಲ. ಆಣೆ."

ಅವನು ನುಂಗಿಕೊಂಡ. ಅದೇನು ದೊಡ್ಡದಲ್ಲ, ಅಭ್ಯಾಸವಿತ್ತು. ಎರಕದ ಕಾರ್ಖಾನೆಯ ಗದ್ದಲದಲ್ಲಿ ಕಿವಿ ಮಂದವಾಗಿದೆ ಎಂದು ಇನ್ನೊಬ್ಬ ಡಾಕ್ಟರು ಹೇಳಿದ್ದರು. ಸಣ್ಣ ಸದ್ದುಗಳು ಕೇಳಿಸುವುದಿಲ್ಲ, ಕೇಳಿಸಿದ್ದೆಲ್ಲ ಹೊರಗಿನದೇ ಆಗಿರಬೇಕೆಂದಿಲ್ಲ. ಹಾಗಾದರೆ ಈ ಟಕ್ ತನ್ನ ತಲೆಯೊಳಗಿನದು. ಎಡಗಡೆ, ಹಿಂದೆ, ಕೆಳಗೆ ಎಂದರೆ ತಲೆಯ ಯಾವ ಭಾಗ? ನಗು ಬಂತು, ನಗಲಿಲ್ಲ. ಅವನಿಗೆ ಆ ನಟ್ಟು ಬಿಗಿದದ್ದು ನೆನಪಿತ್ತು. ಚೆನ್ನಾಗಿ ನೆನಪಿತ್ತು. ಚಕ್ರ ನೆಲದ ಮೇಲಿದೆ, ತನುಜಾ ಸೀರೆ ಎತ್ತಿಕೊಂಡು ಒಳಗೆ ಕೂತು ಬ್ರೇಕು ಒತ್ತಿದ್ದಾಳೆ, ಬಿಗಿಯ ಅಳತೆ ತೋರಿಸುವ ಉದ್ದ ಹಿಡಿಕೆಯ ಟಾರ್ಕ್ ರೆಂಚ್ ತನ್ನ ಕೈಯಲ್ಲಿದೆ, ಮೈಭಾರವನ್ನೆಲ್ಲ ಹಾಕಿ ಒತ್ತುತ್ತಾನೆ, ಕಟ್ ಎಂದು ರೆಂಚ್ ಸದ್ದು ಮಾಡುತ್ತದೆ, ಸಾಕು ಎನ್ನುವ ಹಾಗೆ. ಆ ಕಟ್ ಅಂಗೈಗೆ ತಾಗಿದ್ದೂ ನೆನಪಿತ್ತು. ಆದರೆ ಯಾವ ದಿನ? ತನುಜಾ ಉಟ್ಟಿದ್ದ ಸೀರೆ ಯಾವುದು? ಮುಂದಿನ ಚಕ್ರಕ್ಕೂ ಅವಳೇ ಬ್ರೇಕು ಒತ್ತಿದ್ದಳಲ್ಲ. ಬೇಸಿಗೆಯಲ್ಲಿ ಒಂದು ಸಲ ಎಲ್ಲವನ್ನೂ ಜೋಡಿಸಿ ಬಿಚ್ಚಿದಾಗಲೂ ಅವಳೇ.

ಆಯುಧಪೂಜೆಯ ಹಿಂದಿನ ದಿನ ಹಬ್‌ಗಳು ಕೂತಿದ್ದವು. ಕಾರು ಸ್ಟ್ಯಾಂಡುಗಳ ಮೇಲೆ ನಿಂತಿತ್ತು, ನಟ್ಟುಗಳನ್ನು ಕೈಬಿಗಿಗೆ ತಂದು ಬಿಟ್ಟಿದ್ದ. ಪೂರ್ತಿ ಬಿಗಿ ಚಕ್ರ ನೆಲಕ್ಕಿಳಿದ ಮೇಲೆ. ಬೆಳಗ್ಗೆ ಎದ್ದು ಬರುವಷ್ಟರಲ್ಲಿ ತನುಜಾ ಶೆಡ್ಡಿನ ಸಾಮಾನನ್ನೆಲ್ಲ ತೊಳೆದು, ಹಲಗೆಯ ಮೇಲೆ ಕೆಂಪು ವಸ್ತ್ರ ಹಾಸಿ, ಸ್ಪ್ಯಾನರ್ರು, ಸುತ್ತಿಗೆ, ಇಕ್ಕಳ, ಎಲ್ಲಕ್ಕಿಂತ ಮೇಲೆ ಆ ಟಾರ್ಕ್ ರೆಂಚ್ ಇಟ್ಟು, ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವು ಏರಿಸಿದ್ದಳು, ಕಾರಿನ ಹಬ್‌ಗಳ ನಟ್ಟುಗಳಿಗೂ ಕುಂಕುಮ ಹಚ್ಚಿದ್ದಳು. ಪೂಜೆಗೆ ಕೂತ ಆಯುಧವನ್ನು ಮರುದಿನ ಕದಲಿಸುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಅವನ ತಂದೆ ಆ ದಿನ ಅಡಿಕೆ ಕತ್ತರಿಸುವ ಅಡಕತ್ತಿಯನ್ನೂ ಮುಟ್ಟುತ್ತಿರಲಿಲ್ಲ. ಸಂಜೆ ಬೀದಿಯವರೆಲ್ಲ ಸೇರಿಬಿಟ್ಟರು. ಹೊಸ ಗಾಡಿ, ನಿಂಬೆಹಣ್ಣಿನ ಮೇಲೆ ಹತ್ತಿಸದಿದ್ದರೆ ಹೇಗೆ? ಅವನು ನಟ್ಟುಗಳು ಬಿಚ್ಚಿ ಬೀಳದಿರಲೆಂದು ಎರಡಕ್ಕೂ ಪಿನ್ನು ತೂರಿಸಿ, ಬೀದಿಯವರೊಬ್ಬರ ಕಾರಿನ ಸ್ಪ್ಯಾನರಿನಿಂದ ಚಕ್ರ ಹಾಕಿ, ಬೀದಿಯ ತುದಿಯವರೆಗೆ ಓಡಿಸಿ ತಂದಿದ್ದ. ಚಪ್ಪಾಳೆ ಬಿದ್ದಿತ್ತು. ನಾಳೆ ಪಿನ್ನು ತೆಗೆದು ರೆಂಚಿನಲ್ಲಿ ಬಿಗಿದು ಹೊಸ ಪಿನ್ನು ಹಾಕುವುದು ಎಂದುಕೊಂಡಿದ್ದ. ಆ ನಾಳೆ ಅವನು ಅದನ್ನು ಮಾಡಿದ. ಮಾಡಿರಲೇಬೇಕು. ಮಾಡದೆ ಬಿಡುವ ಮನುಷ್ಯನೇ ಅವನು? ಆಮೇಲೆ ಸದ್ದು ಶುರುವಾದಾಗ ಚಕ್ರದ ನಡುವಿನ ಕ್ಯಾಪು ತೆಗೆದು ನೋಡಿದ್ದ. ಪಿನ್ನು ಇತ್ತು. ನಟ್ಟಿನ ಸುತ್ತ ಪೂಜೆಯ ಕುಂಕುಮ ಇನ್ನೂ ಮೆತ್ತಿಕೊಂಡಿತ್ತು. ಒಂದು ಸಲ ನೋಡಿದ್ದಾಯಿತು. ಕ್ಯಾಪು ಮುಚ್ಚಿದ. ಇನ್ನೊಂದು ಸಲ ನೋಡಿದಾಗ ತನುಜಾ ಶೆಡ್ಡಿನ ಬಾಗಿಲಲ್ಲಿ ಬಂದು ನಿಂತಿದ್ದಳು, ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ಅದಾದ ಮೇಲೆ ಅವನು ರೆಂಚನ್ನು ಕೈಗೆ ತೆಗೆದುಕೊಂಡಿರಲಿಲ್ಲ.

ನಿದಿಗೆ ದಾಟಿತು. ರಸ್ತೆ ನೇರವಾಯಿತು, ಅಕ್ಷರಾಳ ಕಾಲು ಕೆಳಗೆ ಹೋಯಿತು. ಗಾಳಿ ಅವಳ ಕೂದಲನ್ನು ಹಿಂದಕ್ಕೆ ಎಳೆಯುತ್ತಿತ್ತು, ಬಾಯಿ ಅರೆ ತೆರೆದಿತ್ತು, ಚಿಕ್ಕವಳಿದ್ದಾಗ ಉಯ್ಯಾಲೆ ಮೇಲಕ್ಕೆ ಹೋಗುವಾಗ ಇರುತ್ತಿದ್ದ ಮುಖ. ಮುಳ್ಳು ಎಪ್ಪತ್ತರ ಮೇಲೆ ನಡುಗುತ್ತಿತ್ತು. ಸಣ್ಣ ತಿರುವು ಬಂತು. ಅವಳು ಸ್ಟೀರಿಂಗನ್ನು ನೇರ ಮಾಡಿದ ಮೇಲೂ ಕಾರಿನ ಹಿಂಭಾಗ ಒಂದು ಗಳಿಗೆ ತಡವಾಗಿ, ತನ್ನ ಪಾಡಿಗೆ ತಾನು ಯೋಚನೆ ಮಾಡಿ ಬಂದಂತೆ ನೇರವಾಯಿತು. ಅದು ಸದ್ದಲ್ಲ, ಕಿವಿಗೂ ಅದಕ್ಕೂ ಸಂಬಂಧವಿಲ್ಲ, ಸೊಂಟದ ಮೂಳೆಗೆ ಗೊತ್ತಾದದ್ದು. ಎದುರಿನಿಂದ ಕಬ್ಬಿಣದ ಸರಳು ಹೇರಿದ ಲಾರಿ ಬರುತ್ತಿತ್ತು. ಅದರ ಬಂಪರನ್ನು, ಅದರ ಕೆಳಗಿನ ಕತ್ತಲನ್ನು, ಅಲ್ಲಿಗೆ ಈ ಫೈಬರ್ ಮೈ ಹೇಗೆ ನುಗ್ಗುತ್ತದೆಂಬುದನ್ನು ಅವನು ಅಂಗುಲ ಅಂಗುಲವಾಗಿ ಕಂಡ. ಲಾರಿ ದಾಟಿ ಹೋಯಿತು. ಹೇಳಬೇಕು. ಏನೆಂದು? ಹಿಂಭಾಗ ತಡವಾಗಿ ನೇರವಾಯಿತು ಎಂದೇ? ಅವಳು ಹಲ್ಲು ಕಚ್ಚಿ ನಿಲ್ಲಿಸುತ್ತಾಳೆ, ಅವನು ಕ್ಯಾಪು ತೆಗೆಯುತ್ತಾನೆ, ಪಿನ್ನು ಇರುತ್ತದೆ. ಅಲ್ಲಿಂದ ಮುಂದೆ ಜಗದಕ್ಕನ ಊಟ, ತನುಜಾಳಿಗೆ ಫೋನು, ಮತ್ತೆ ಆ ಡಾಕ್ಟರ ಮೃದು ಮಾತು. ಮಗಳು ಸಾಯುವುದಕ್ಕಿಂತ ಮಗಳು ಬೇಸರಪಡುವುದಕ್ಕೆ ತಾನು ಹೆದರುತ್ತಿದ್ದೇನೆ ಎಂದು ಅವನಿಗೆ ಹೊಳೆದದ್ದು ಆಗ. ಹೊಳೆದ ಮೇಲೂ ಬಾಯಿ ತೆರೆಯಲಿಲ್ಲ. ಅದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತು.

"ಅಕ್ಷೂ" ಎಂದ ಕೊನೆಗೆ. "ಸ್ವಲ್ಪ ಸೈಡಿಗೆ ಹಾಕು. ಒಂದಕ್ಕೆ ಅರ್ಜೆಂಟ್ ಆಗಿದೆ."

"ಅಯ್ಯೋ, ಮೊದ್ಲೇ ಹೇಳ್ಬಾರ್ದಾ? ಶುಗರ್ ಇರೋರು ತಡ್ಕೊಂಡು ಕೂರ್ತಾರಾ?" ಅವಳು ಕೂಡಲೇ ಇಂಡಿಕೇಟರ್ ಹಾಕಿದಳು. ಭಯವನ್ನು ನಂಬದವಳು ಮೂತ್ರವನ್ನು ತಕ್ಷಣ ನಂಬಿದಳು.

ಮಾಚೇನಹಳ್ಳಿ. ಕಾರ್ಖಾನೆಗಳ ಗೇಟುಗಳು ರಜೆಯಲ್ಲಿ ಮುಚ್ಚಿದ್ದವು. ರಸ್ತೆ ಬದಿಯ ಒಂದು ಲಾರಿ ಪಂಚರ್ ಅಂಗಡಿ ಮಾತ್ರ ತೆರೆದಿತ್ತು. ಶಿವಯೋಗಿ ಇಳಿದು ಗೋಡೆಯ ಹಿಂದಕ್ಕೆ ಹೋದ. ಪ್ಯಾಂಟಿನ ಜಿಪ್ಪಿಗೆ ಕೈ ಹಾಕಿ, ಏನೂ ಬಾರದೆ, ಸುಮ್ಮನೆ ನಿಂತ. ಐವತ್ತು ದಾಟಿದ ಮನುಷ್ಯ, ಗೋಡೆಗೆ ಮುಖ ಮಾಡಿ, ಸುಳ್ಳಿಗೆ ಬೇಕಾದಷ್ಟು ಹೊತ್ತು ಕಳೆಯುತ್ತಿದ್ದಾನೆ. ವಾಪಸ್ ಬಂದವನು ಸೀಟಿಗೆ ಹೋಗಲಿಲ್ಲ. ಎಡಗಡೆಯ ಹಿಂಚಕ್ರದ ಎದುರು ಕುಕ್ಕರುಗಾಲಲ್ಲಿ ಕೂತ, ಕ್ಯಾಪಿನ ಮೇಲೆ ಕೈಯಿಟ್ಟ. ಬಿಸಿ. ಎದ್ದು ಮುಂದಿನ ಚಕ್ರ ಮುಟ್ಟಿದ. ಬೆಚ್ಚಗಿತ್ತು, ಅಷ್ಟೆ.

"ಅಪ್ಪಾಜಿ!" ಅಕ್ಷರಾ ಬಾಗಿಲು ತೆರೆದು ಇಳಿದಳು. "ಇದಕ್ಕೇನಾ? ಇದಕ್ಕೇನಾ ಒಂದಕ್ಕೆ ಅಂದಿದ್ದು? ನಾಚಿಕೆ ಆಗಲ್ವಾ?"

"ಆಗುತ್ತೆ" ಎಂದ ಅವನು. ಬೀಗದ ಕೈಯಿಂದ ಕ್ಯಾಪನ್ನು ಮೀಟಿದ.

"ಪಿನ್ ಇದೆಯಾ? ಇದೆ. ನೋಡಿದ್ರಾ? ನೋಡಿದ್ರಿ. ಮುಚ್ಚಿ ಈಗ."

ಪಿನ್ನು ಇತ್ತು. ನಟ್ಟಿನ ಸುತ್ತ ಕುಂಕುಮವೂ ಇತ್ತು, ಮೊದಲಿಗಿಂತ ಹೆಚ್ಚಾಗಿ. ಅವನು ಮುಚ್ಚಲು ಹೋದವನು ತಡೆದ. ಕಳೆದ ವಾರ ಅಕ್ಷರಾಳೇ ಪೈಪು ಹಿಡಿದು, ಶಾಂಪೂ ಹಾಕಿ ಕಾರು ತೊಳೆದಿದ್ದಳು, ಕ್ಯಾಪುಗಳನ್ನೂ ತೆಗೆದು. ಕುಂಕುಮ ಹೋಗಿರಬೇಕಿತ್ತು. ಹೋಗದಿದ್ದರೆ ಕಡಿಮೆಯಾಗಿರಬೇಕಿತ್ತು. ಹೆಚ್ಚಾಗುವುದು ಹೇಗೆ? ಬೆರಳಿನಿಂದ ಒಂದಿಷ್ಟು ತೆಗೆದು ಹೆಬ್ಬೆರಳಿಗೆ ಉಜ್ಜಿದ. ಕುಂಕುಮ ಚರ್ಮಕ್ಕೆ ಹತ್ತಿ ಬಣ್ಣ ಬಿಡುತ್ತದೆ. ಇದು ಕರಕರ ಎಂದಿತು. ಮೂಗಿನ ಹತ್ತಿರ ಹಿಡಿದ. ಮೂವತ್ತು ವರ್ಷ ಉಸಿರಾಡಿದ ವಾಸನೆ. ಕಬ್ಬಿಣ ಕಬ್ಬಿಣವನ್ನು ತಿಂದಾಗ ಬರುವ ಕೆಂಪು ಹುಡಿ. ಇಷ್ಟು ದಿನ ಕ್ಯಾಪು ತೆಗೆದಾಗೆಲ್ಲ ದೇವರ ಪ್ರಸಾದವೆಂದು ನೋಡಿ ಮುಚ್ಚಿದ್ದು ಇದನ್ನೇ.

"ನಿನ್ನ ಬ್ಯಾಗಲ್ಲಿ ಲಿಪ್‌ಸ್ಟಿಕ್ ಇದೆಯಾ?"

"ಏನು?"

"ಕೊಡು ಮಗಾ. ಇದೊಂದು ಸಲ. ಏನೂ ಇಲ್ಲ ಅಂತಾದ್ರೆ ನಾನು ಇನ್ನು ಬಾಯಿ ಬಿಡಲ್ಲ."

ಅವಳು ಅವನನ್ನು ನೋಡಿದಳು. ಬ್ಯಾಗು ತೆರೆದು ಕೊಟ್ಟಳು. ಅವನು ಕರವಸ್ತ್ರದಿಂದ ಹುಡಿ ಒರೆಸಿ, ನಟ್ಟಿನ ಮುಖದಿಂದ ಅದರ ಹಿಂದಿನ ವಾಷರಿನ ಮೇಲೆ ಹಾಯ್ದು ಹೋಗುವಂತೆ ಒಂದು ನೇರ ಗೆರೆ ಎಳೆದ. "ಈಗ ಮುಂದಕ್ಕೆ ಹೋಗಿ ಬ್ರೇಕ್ ಹಾಕು. ಹಿಂದಕ್ಕೆ ಬಾ, ಬ್ರೇಕ್ ಹಾಕು. ಒಂದು ನಾಲ್ಕು ಸಲ. ನಿಧಾನ."

ಪಂಚರ್ ಅಂಗಡಿಯಿಂದ ಬನಿಯನ್ ತೊಟ್ಟ ಒಬ್ಬ ದಪ್ಪನೆಯ ಮನುಷ್ಯ ಚಹಾ ಲೋಟ ಹಿಡಿದು ಬಂದು ನಿಂತ. ಹೆಸರು ಶೇಷಪ್ಪ ಎಂದು ಅಂಗಡಿಯ ಬೋರ್ಡಿನಲ್ಲೇ ಇತ್ತು. "ಏನ್ ಸಾರ್, ಗಾಡಿಗೆ ಮೇಕಪ್ ಮಾಡ್ತಿದ್ದೀರಾ? ಮದ್ವೆಗೆ ಹೊರಟಿದೆಯಾ?" ಕಾರು ಮುಂದೆ ಹೋಗಿ ಹಿಂದೆ ಬರುವುದನ್ನು ನೋಡಿ ಅವನೇ ತೀರ್ಪು ಕೊಟ್ಟ: "ಬೇರಿಂಗ್ ಹೋಗಿದೆ, ಬರ್ಕೊಳ್ಳಿ. ಇಲ್ಲಾಂದ್ರೆ ಕಲ್ಲು ಸಿಕ್ಕಾಕ್ಕೊಂಡಿದೆ."

ಅಕ್ಷರಾ ಎಂಜಿನ್ ನಿಲ್ಲಿಸಿ ಬಂದು ಅಪ್ಪನ ಪಕ್ಕ ಕೂತಳು. ಗೆರೆ ಎರಡು ತುಂಡಾಗಿತ್ತು. ನಟ್ಟಿನ ಮೇಲಿನದು ಅಲ್ಲೇ ಇತ್ತು. ವಾಷರಿನ ಮೇಲಿನದು ಕಿರುಬೆರಳಿನ ಅಗಲದಷ್ಟು ಪಕ್ಕಕ್ಕೆ ಸರಿದಿತ್ತು. ಶಿವಯೋಗಿ ಬೀಗದ ಕೈಯ ತುದಿಯನ್ನು ವಾಷರಿನ ಅಂಚಿಗೆ ಕೊಟ್ಟು ತಳ್ಳಿದ. ಬಂಡೆಯಂತೆ ಕೂತಿರಬೇಕಾದ ವಾಷರು ಬಳೆಯ ಹಾಗೆ ತಿರುಗಿತು.

"ಅಯ್ಯಯ್ಯೋ" ಎಂದ ಶೇಷಪ್ಪ. ಲೋಟ ಕೆಳಗಿಟ್ಟು ಒಳಗೆ ಓಡಿದ.

ಬಲಗಡೆಯದೂ ಹಾಗೇ ಇತ್ತು, ಇಷ್ಟು ಕೆಟ್ಟಿರಲಿಲ್ಲ. ಶೇಷಪ್ಪ ತಂದ ಇಕ್ಕಳದಿಂದ ಶಿವಯೋಗಿ ಎಡಗಡೆಯ ಪಿನ್ನನ್ನು ಎಳೆದು ತೆಗೆದು ಅಂಗೈ ಮೇಲೆ ಇಟ್ಟುಕೊಂಡ. ಕಪ್ಪಗೆ, ಹಳೆಯ ಬಾಗು ಬಾಗಿದ ಪಿನ್ನು. ಹಳೆ ಕಾರಿನದು. ಕೊಂಡು ತಂದಿದ್ದ ಹೊಸ ಪಿನ್ನುಗಳು ಬೆಳ್ಳಗೆ ಹೊಳೆಯುತ್ತಿದ್ದವು, ಅವು ಮನೆಯಲ್ಲಿ ಡಬ್ಬಿಯಲ್ಲೇ ಇವೆ. ನಿಂಬೆಹಣ್ಣಿನ ಮೇಲೆ ಹತ್ತಿಸಲೆಂದು ತೂರಿಸಿದ ಪಿನ್ನು ಅದು. ಅಂದರೆ ಬಿಗಿಯಬೇಕಿದ್ದ ಆ ನಾಳೆ ಬಂದೇ ಇಲ್ಲ. ತನುಜಾ ಬ್ರೇಕು ಒತ್ತಿದ್ದು, ಮೈಭಾರ ಹಾಕಿದ್ದು, ಅಂಗೈಗೆ ತಾಗಿದ ಕಟ್, ಎಲ್ಲ ಬೇಸಿಗೆಯ ಯಾವುದೋ ದಿನದ್ದು. ಮನಸ್ಸು ಅದನ್ನು ತಂದು ಇಲ್ಲಿ ಅಂಟಿಸಿತ್ತು. ಸಾವಿರ ಸಲ ನೋಡಿದವನು ನೋಡದೆ ಬಿಟ್ಟದ್ದು ಇದೊಂದು. ಹೀಗೆ ಇನ್ನೇನೇನನ್ನು ಅಂಟಿಸಿದೆಯೋ.

"ಅಂದ್ರೆ," ಅಕ್ಷರಾ ಕೇಳಿದಳು, "ನೀವು ಬಿಗಿ ಮಾಡಿರ್ಲೇ ಇಲ್ವಾ?"

"ಇಲ್ಲ."

"ನಾನು ಎಪ್ಪತ್ತರಲ್ಲಿ ಬಂದೆ."

"ಹೂಂ."

"ನಿಮಗೆ ಗೊತ್ತಿತ್ತಾ?"

ಗೊತ್ತಿತ್ತು. ಗೊತ್ತಿರಲಿಲ್ಲ. ಗೊತ್ತಿದ್ದದ್ದನ್ನು ಕಾಯಿಲೆ ಎಂದು ಎಲ್ಲರೂ ಸೇರಿ ಒಪ್ಪಿಸಿದ್ದರು, ಅವನೂ ಒಪ್ಪಿದ್ದ. ಅವನು ತಲೆಯಾಡಿಸಿದ್ದು ಹೌದೆಂದೋ ಇಲ್ಲವೆಂದೋ ಅವನಿಗೇ ತಿಳಿಯಲಿಲ್ಲ. ಶೇಷಪ್ಪ ಲಾರಿಯ ಬಾಕ್ಸ್ ಸ್ಪ್ಯಾನರುಗಳ ರಾಶಿಯಲ್ಲಿ ಅಳತೆಗೆ ಸಿಕ್ಕಿದ್ದೊಂದನ್ನು, ಅದರ ಹಿಡಿಕೆಗೆ ತೂರಿಸಲು ಮಾರುದ್ದದ ಪೈಪನ್ನು ತಂದ. ಅಕ್ಷರಾ ಒಳಗೆ ಕೂತು ಬ್ರೇಕು ಒತ್ತಿದಳು. ಗಂಡಸರಿಬ್ಬರೂ ಪೈಪಿನ ಮೇಲೆ ಬಿದ್ದರು. ನಟ್ಟು ಸಲೀಸಾಗಿ ತಿರುಗಿತು, ಆಮೇಲೆ ಕಷ್ಟದಿಂದ, ಆಮೇಲೆ ಕಿರುಗುಟ್ಟಿ ನಿಂತಿತು. "ಇನ್ನು ಆನೆ ಬಂದ್ರೂ ಬಿಚ್ಚಲ್ಲ ಸಾರ್" ಎಂದ ಶೇಷಪ್ಪ. ಬಲಗಡೆಯದನ್ನೂ ಬಿಗಿದು, ಪಿನ್ನುಗಳನ್ನು ತೂರಿಸಿ ತುದಿ ಮಡಿಚಿದರು. ಶಿವಯೋಗಿ ಚಕ್ರಗಳನ್ನು ಜಾಕಿನ ಮೇಲೆ ಎತ್ತಿ ತಿರುಗಿಸಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ ನೋಡಿದ. ಅಲುಗಾಟವಿರಲಿಲ್ಲ, ಬೇರಿಂಗು ಕಿರುಗುಟ್ಟಲಿಲ್ಲ. ಒಳಗೆ ಶಾಫ್ಟಿನ ಹಲ್ಲು ಎಷ್ಟು ಸವೆದಿದೆ ಎಂಬುದು ಬಿಚ್ಚಿದ ಮೇಲೇ ಗೊತ್ತಾಗಬೇಕು. ಪೈಪಿನ ಬಿಗಿಗೆ ಅಳತೆಯೂ ಇಲ್ಲ. ರೆಂಚಿನಂತೆ ಸಾಕು ಎಂದು ಅದು ಹೇಳುವುದಿಲ್ಲ. ಭದ್ರಾವತಿ ಇನ್ನು ಹತ್ತಿರ, ನಲವತ್ತು ದಾಟದೆ ಹೋದರೆ ಸಾಕು, ಕಾರನ್ನು ಅಕ್ಕನ ಮನೆಯಲ್ಲೇ ಬಿಟ್ಟು ಬಸ್ಸಿನಲ್ಲಿ ವಾಪಸಾದರಾಯಿತು ಎಂದು ಅವನು ಲೆಕ್ಕ ಹಾಕಿದ.

"ನಾನು ಓಡಿಸ್ಲಾ?" ಎಂದು ಕೇಳಿದ.

"ಬೇಡ. ನಾನೇ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವನು ಸಿಟ್ಟಿಗಾಗಿ ಕಾದಿದ್ದ.

ಕಾರು ಹೊರಟಿತು. ಅವನು ಕಿವಿಯೆಲ್ಲ ಹಿಂದಿಟ್ಟು ಕಾದ. ಏನೂ ಇಲ್ಲ. ಎಷ್ಟೋ ದಿನಗಳ ಮೇಲೆ ಗಾಳಿ ಮುಖಕ್ಕೆ ತಂಪಾಗಿ ತಾಗಿತು. ಮಧುಸೂದನನಿಗೆ ಈ ಕಥೆ ಹೇಳಬೇಕು ಅನ್ನಿಸಿತು, ತನುಜಾಳಿಗೂ, ಆ ಡಾಕ್ಟರಿಗೂ. ನಾಲ್ಕು ಲೈಟುಕಂಬ ದಾಟಿರಲಿಲ್ಲ, ಅಕ್ಷರಾ ಬ್ರೇಕು ಒತ್ತಿ ಕಾರನ್ನು ಪಕ್ಕಕ್ಕೆ ಎಳೆದಳು.

"ಕೇಳಿಸ್ತಾ?"

"ಏನು?"

"ಟಕ್ ಅಂತು. ಹಿಂದೆ."

"ಇಲ್ಲಲ್ಲ."

"ಅಂತು ಅಪ್ಪಾಜಿ. ನಂಗೆ ಕೇಳಿಸ್ತು."

ಅವಳು ಇಳಿದು ಹಿಂದೆ ಹೋದಳು. ಕನ್ನಡಿಯಲ್ಲಿ ಅವಳು ಬಗ್ಗಿ ಚಕ್ರ ಮುಟ್ಟುವುದು ಕಾಣಿಸಿತು. ಆ ಕಡೆಗೆ ಹೋಗಿ ಅದನ್ನೂ ಮುಟ್ಟಿದಳು. ಬಂದು ಕೂತು, ಬೆಲ್ಟು ಹಾಕಿಕೊಂಡು, ಕೀಲಿಗೆ ಕೈ ಹಾಕಿದವಳು ತೆಗೆದಳು. "ಒಂದ್ನಿಮಿಷ" ಎಂದು ಬೆಲ್ಟು ಬಿಚ್ಚಿ ಮತ್ತೆ ಇಳಿದಳು. ಎಡಗಡೆಯ ಕ್ಯಾಪಿನ ಮೇಲೆ ಅವಳ ಕೈ ಬಹಳ ಹೊತ್ತು ಇತ್ತು. ಎರಡನೇ ಸಲ ನೋಡಬೇಡ ಎನ್ನುವ ಮಾತು ಅವನ ನಾಲಗೆಯ ತುದಿಗೆ ಬಂತು. ಆ ಮಾತನ್ನು ಯಾವ ಬಾಯಿಂದ ಹೇಳಲಿ, ಇವತ್ತು ಅವಳನ್ನು ಉಳಿಸಿದ್ದೇ ಎರಡನೇ ನೋಟ. ಸದ್ದು ನಿಜವಾಗಿ ಬಂದಿತ್ತೇ? ತನ್ನ ಮಂದ ಕಿವಿಗೆ ಕೇಳಿಸದೆ, ಅವಳ ಎಳೆಯ ಕಿವಿಗೆ ಕೇಳಿಸಿತೇ? ಇಲ್ಲ, ಬರದ ಸದ್ದು ಅವಳಿಗೆ ಕೇಳಿಸಿತೇ? ಎರಡರಲ್ಲಿ ಯಾವುದಕ್ಕೆ ಹೆದರಬೇಕೆಂದು ಅವನಿಗೆ ತಿಳಿಯಲಿಲ್ಲ.

ಅವಳು ಬಂದು ಕೂತಳು. ಕೀಲಿಗೆ ಕೈ ಹಾಕಲಿಲ್ಲ.

"ಸರಿ ಇದೆ ತಾನೆ ಅಪ್ಪಾಜಿ?"

"ಸರಿ ಇದೆ ಮಗಾ. ಏನೂ ಇಲ್ಲ. ಹೋಗು."

ಅವಳು ಅವನ ಕಡೆ ತಿರುಗಿದಳು. ಮಾತನ್ನು ಬಿಟ್ಟು ಅವನ ಕಣ್ಣು, ತುಟಿ, ಕೆನ್ನೆಗಳನ್ನು ಒಂದೊಂದಾಗಿ ಪರೀಕ್ಷಿಸಿದಳು, ಹೇಳಿದವನಿಗೇ ಅದರಲ್ಲಿ ನಂಬಿಕೆ ಇದೆಯೇ ಎಂದು. ಅವನು ಮುಖವನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವಳು ಮತ್ತೆ ಬಾಗಿಲು ತೆರೆದು ಇಳಿದಳು.